ಅಪ್‌ಡೇಟ್: ಬೆಳಗಿನ ಚಳಿಗೆ ಸ್ಟಾರ್ಟ್ ಆಗದ ಮಿನಿ ಟ್ರ್ಯಾಕ್ಟರ್ ಸರಿಯಾಯ್ತು

ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದ ಮಿನಿ ಟ್ರ್ಯಾಕ್ಟರ್ ಬೆಳಗಿನ ಚಳಿಗೆ ಸ್ಟಾರ್ಟೇ ಆಗುವುದಿಲ್ಲ, ಬಿಸಿಲೇರಿದ ಮೇಲೆ ಮಾತ್ರ ಆಗುತ್ತದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಈಗ ಸರಿಯಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು "ಬ್ಯಾಟರಿ ಬದಲಿಸುವ ಮೊದಲು ಗ್ಲೋ ಪ್ಲಗ್, ಅರ್ತ್ ಕೇಬಲ್ ನೋಡಿ" ಎಂದವರ ಸಲಹೆ. ಗ್ಲೋ ಪ್ಲಗ್ ಅಂದರೆ ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಎಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್, ಅರ್ತ್ ಕೇಬಲ್ ಅಂದರೆ ಬ್ಯಾಟರಿಯ ಮೈನಸ್ ತುದಿಯನ್ನು ಗಾಡಿಯ ಚಾಸಿಗೆ ಸೇರಿಸುವ ತಂತಿ. ರಾತ್ರಿಯಿಡೀ ಬ್ಯಾಟರಿ ಚಾರ್ಜ್‌ಗೆ ಹಾಕಿದ್ದರಿಂದ ಏನೂ ಆಗಲಿಲ್ಲ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು, ಆದರೆ ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್‌ಗೆ 8 ವೋಲ್ಟ್ ಕೂಡ ತಲುಪುತ್ತಿರಲಿಲ್ಲ, ಯಾಕೆಂದರೆ ಅರ್ತ್ ಕೇಬಲ್ ಚಾಸಿಗೆ ಸೇರುವ ಬೋಲ್ಟ್ ಪೂರ್ತಿ ತುಕ್ಕು ಹಿಡಿದಿತ್ತು. ನಮ್ಮ ಮಳೆಗಾಲ ಗೊತ್ತಲ್ಲ! ಬಿಚ್ಚಿ, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಹಚ್ಚಿದೆವು. ಮೂರು ಗ್ಲೋ ಪ್ಲಗ್‌ಗಳಲ್ಲಿ ಒಂದು ಸತ್ತಿತ್ತು, ಹೊಸದು ಹಾಕಿಸಿದೆ.

ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಬೇಗ ಹೊತ್ತಿಕೊಳ್ಳುವ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ ಅಂತಲೂ ಒಬ್ಬರು ಹೇಳಿದ್ದರು. ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ದಯವಿಟ್ಟು ಬೇಡ. ಕಾದ ಪ್ಲಗ್‌ಗೆ ಸ್ಪ್ರೇ ತಾಗಿ ಹೊತ್ತಲ್ಲದ ಹೊತ್ತಲ್ಲಿ ಬೆಂಕಿ ಹತ್ತಿದರೆ ಪಿಸ್ಟನ್ ಒಡೆಯಬಹುದು.

ಡೀಸೆಲ್ ಚಳಿಗೆ ಗಟ್ಟಿಯಾಗದಿರಲಿ ಅಂತ ಸೀಮೆಎಣ್ಣೆ ಬೆರೆಸಿ ಎಂದೂ ಒಬ್ಬರು ಹೇಳಿದ್ದರು. ಅದನ್ನು ಕೇಳಿ ಲಡಾಖ್‌ನ ಲೇಹ್‌ನಲ್ಲಿ ಮಿಲಿಟರಿ ಗಾಡಿ ಓಡಿಸಿದ್ದ ನಮ್ಮ ಭಾವ ಬೇಡವೇ ಬೇಡ ಅಂದರು. ಡೀಸೆಲ್‌ನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುವುದು ಅಲ್ಲಿನಂಥ ಕಡು ಚಳಿಯಲ್ಲಿ, ಅದಕ್ಕೇ 2019ರಲ್ಲಿ ಲಡಾಖ್‌ಗೆ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ವಿಂಟರ್ ಡೀಸೆಲ್ ತಂದರು. ನಮ್ಮ ಘಟ್ಟದ ಮೇಲಿನ ಚಳಿಗೆ ಅದೆಲ್ಲ ಬೇಕಿಲ್ಲ. ಸುಮ್ನೆ ಬೆರೆಸಿದರೆ ಪಂಪ್ ಸವೆತ ಜಾಸ್ತಿ.

ಈಗ ಕೀ ಅರ್ಧ ತಿರುಗಿಸಿ, ಗ್ಲೋ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.