ಆಟೋಕ್ಯಾಡ್ ಕಲಿಯಲು ಶಾರ್ಟ್‌ಕಟ್ ಹಾಳೆ ಸಾಕಾ?

ಹೊಸಗೆರೆ:
ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್ ಕಲಿಯಲು ಶುರು ಮಾಡಿದ್ದೇನೆ, 2024ರ ಆವೃತ್ತಿ. ಒಂದು ಕ್ವಿಕ್ ರೆಫರೆನ್ಸ್ ಗೈಡ್ ಸಿಕ್ಕಿದೆ. ಕಮಾಂಡ್, ಅದರ ಶಾರ್ಟ್‌ಕಟ್, ಒಂದು ಸಾಲು ವಿವರಣೆ, ಅಷ್ಟೇ. ಮೊದಲು ಇದನ್ನು ಬಾಯಿಪಾಠ ಮಾಡಿ ಆಮೇಲೆ ಡ್ರಾಯಿಂಗ್‌ಗೆ ಕೈ ಹಾಕಲಾ?

ಮೂಲೆಮಟ್ಟ:
ಬಾಯಿಪಾಠ ಬೇಡ. ಹಾಳೆಯಲ್ಲಿ ಕಮಾಂಡಿನ ಹೆಸರು ಇರುತ್ತದೆ, ಆಮೇಲೆ ಸಾಫ್ಟ್‌ವೇರ್ ನಿಮ್ಮನ್ನು ಏನು ಕೇಳುತ್ತದೆ ಅನ್ನುವುದು ಇರುವುದಿಲ್ಲ. ಒಂದು ಗೆರೆಗೆ ಸಮಾಂತರವಾಗಿ ಇನ್ನೊಂದನ್ನು ಎಳೆಯುವ ಆಫ್‌ಸೆಟ್ ನೋಡಿ. 'ಓ' ಒತ್ತಿ ಎಂಟರ್ ಕೊಟ್ಟರೆ ಮೊದಲು ದೂರ ಕೇಳುತ್ತದೆ, ಆಮೇಲೆ ಯಾವ ಗೆರೆ, ಆಮೇಲೆ ಯಾವ ಕಡೆ. ಕಲಿಯಬೇಕಾದ್ದು ಈ ಪ್ರಶ್ನೆಗಳನ್ನು. ಕೆಳಗಿನ ಕಮಾಂಡ್ ಲೈನಿನಲ್ಲಿ ಅವು ಬರುತ್ತಲೇ ಇರುತ್ತವೆ, ಹೊಸಬರು ಆ ಕಡೆ ಕಣ್ಣೇ ಹಾಯಿಸುವುದಿಲ್ಲ.

ಬೆರಳುವೇಗ:
ನಾನು ಒಪ್ಪಲ್ಲ. ಮೇಲಿನ ಪಟ್ಟಿಯಲ್ಲಿ, ಅಂದರೆ ರಿಬ್ಬನ್‌ನಲ್ಲಿ, ಐಕಾನ್ ಹುಡುಕುತ್ತಾ ಕೂತರೆ ಡ್ರಾಯಿಂಗ್ ಮೇಲೆ ಗಮನ ಎಲ್ಲಿರುತ್ತದೆ? ಲೈನ್‌ಗೆ ಎಲ್, ಮೂವ್‌ಗೆ ಎಂ, ಹೆಚ್ಚಾದ ಗೆರೆ ಕತ್ತರಿಸುವ ಟ್ರಿಮ್‌ಗೆ ಟಿಆರ್, ಗೆರೆಯ ತುದಿ, ಮಧ್ಯದಂಥ ಬಿಂದುಗಳನ್ನು ನಿಖರವಾಗಿ ಹಿಡಿಯುವ ಆಬ್ಜೆಕ್ಟ್ ಸ್ನ್ಯಾಪ್‌ಗೆ ಎಫ್3, ಗೆರೆ ನೇರವಾಗಿ ಅಡ್ಡ ಅಥವಾ ಲಂಬವಾಗಿ ಮಾತ್ರ ಹೋಗುವಂತೆ ಮಾಡುವ ಆರ್ಥೋಗೆ ಎಫ್8. ಇಷ್ಟಾದರೂ ಬೆರಳಿಗೆ ಬಂದಿರಬೇಕು. ಎಂಟರ್ ಬದಲು ಸ್ಪೇಸ್‌ಬಾರ್ ಒತ್ತಬಹುದು, ಕಮಾಂಡ್ ಮುಗಿದ ಮೇಲೆ ಇನ್ನೊಮ್ಮೆ ಒತ್ತಿದರೆ ಅದೇ ಕಮಾಂಡ್ ಮತ್ತೆ ಬರುತ್ತದೆ. ಇದು ನನಗೆ ಗೊತ್ತಾಗಿದ್ದೇ ಇಂಥ ಹಾಳೆಯಿಂದ.

ಮೂಲೆಮಟ್ಟ:
ಸರಿ, ಹಾಳೆಯಲ್ಲಿ 'ಸಿ' ಅಂದರೆ ಸರ್ಕಲ್ ಅಂತ ಇದೆ, ಅಲ್ವಾ? ಲೈನ್ ಎಳೆಯುತ್ತಿರುವಾಗ ಅದೇ 'ಸಿ' ಒತ್ತಿ ನೋಡಿ. ವೃತ್ತ ಬರುವುದಿಲ್ಲ, ಕೊನೆಯ ಬಿಂದು ಮೊದಲ ಬಿಂದುವಿಗೆ ಸೇರಿಕೊಂಡು ಆಕೃತಿ ಮುಚ್ಚುತ್ತದೆ. ಉರು ಹೊಡೆದವರು ಇಲ್ಲಿ ಪೇಚಾಡುತ್ತಾರೆ.

ನೀಲಿಪ್ರತಿ:
ನಿಮ್ಮಿಬ್ಬರ ಜಗಳ ಇರಲಿ. ಆ ಗೈಡ್ ಯಾವ ಆವೃತ್ತಿಯದು ಅಂತ ಯಾರೂ ಕೇಳಲಿಲ್ಲ! ಹಳೆಯ ಹಾಳೆಗಳಲ್ಲಿ ಟ್ರಿಮ್‌ಗೆ 'ಟಿಆರ್, ಎಂಟರ್, ಎಂಟರ್' ಅಂತ ಇರುತ್ತದೆ. ಎಲ್ಲಾ ಗೆರೆಗಳನ್ನೂ ಕತ್ತರಿಸುವ ಅಂಚಾಗಿ ತೆಗೆದುಕೋ ಅನ್ನಲು ಎರಡನೇ ಎಂಟರ್ ಬೇಕಿತ್ತು. 2021ರ ಆವೃತ್ತಿಯಿಂದ ಕ್ವಿಕ್ ಮೋಡ್ ತಾನಾಗಿಯೇ ಆನ್ ಇರುತ್ತದೆ, ಎಲ್ಲಾ ಗೆರೆಗಳೂ ಮೊದಲೇ ಅಂಚುಗಳೇ. ಈಗ ಎರಡನೇ ಎಂಟರ್ ಕೊಟ್ಟರೆ ಕಮಾಂಡೇ ಮುಗಿದುಹೋಗುತ್ತದೆ.

'ಅಟ್' (@) ಚಿಹ್ನೆಯದೂ ಇದೇ ಕಥೆ. ಹಿಂದಿನ ಬಿಂದುವಿನಿಂದ ಅಳೆಯಲು ಅದನ್ನು ಹಾಕಿ ಅಂತ ಹಾಳೆ ಹೇಳುತ್ತದೆ. ಕರ್ಸರ್ ಪಕ್ಕದಲ್ಲೇ ಅಳತೆ ಟೈಪ್ ಮಾಡುವ ಡೈನಾಮಿಕ್ ಇನ್‌ಪುಟ್ ಆನ್ ಇದ್ದರೆ ಎರಡನೇ ಬಿಂದುವಿನಿಂದ ಅದು ಹಾಕದೆಯೇ ಹಾಗೆ ಅಳೆಯುತ್ತದೆ.

ಬೆರಳುವೇಗ:
ಇದು ಒಳ್ಳೆ ಮಾತು. ಇನ್ನೊಂದು ಸೇರಿಸುತ್ತೇನೆ. ಎಲ್, ಟಿಆರ್‌ನಂಥ ಅಕ್ಷರದ ಶಾರ್ಟ್‌ಕಟ್‌ಗಳು ಪಿಜಿಪಿ ಅನ್ನುವ ಟೆಕ್ಸ್ಟ್ ಫೈಲಿನಲ್ಲಿ ಇರುತ್ತವೆ, ಯಾರು ಬೇಕಾದರೂ ಬದಲಾಯಿಸಬಹುದು. ಬೇರೆಯವರ ಕಂಪ್ಯೂಟರ್‌ನಲ್ಲಿ ಕೂತಾಗ ಹಾಳೆಯನ್ನು ಜಾಸ್ತಿ ನಂಬಬೇಡಿ. ಆದರೂ ನನ್ನದು ಗೋಡೆ ಮೇಲೆ ಇದ್ದೇ ಇರುತ್ತದೆ.

ಮೂಲೆಮಟ್ಟ:
ಗೋಡೆ ಮೇಲೆ ಇರಲಿ, ನನ್ನ ತಕರಾರಿಲ್ಲ. ಮರೆತಾಗ ನೋಡೋಕೆ ಅಂತಲೇ ಅದು ಇರುವುದು. ಹೊಸಗೆರೆ ಅವರೇ, ನಾಲ್ಕು ತೂತಿನ ಒಂದು ಪ್ಲೇಟ್ ಬಿಡಿಸಲು ಕೂತುಕೊಳ್ಳಿ. ಸಿಕ್ಕಿಕೊಂಡಾಗ ಮಾತ್ರ ಹಾಳೆ ನೋಡಿ. ಆ ಕಮಾಂಡ್ ಏನೇನು ಕೇಳಿತು ಅಂತ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ನೀಲಿಪ್ರತಿ:
ಆಯ್ಕೆ ಮಾಡುವ ಚೌಕದ ಬಗ್ಗೆಯೂ ಬರೆದುಕೊಳ್ಳಲಿ. ಮೌಸ್ ಎಡದಿಂದ ಬಲಕ್ಕೆ ಹೋದರೆ ಪೂರ್ತಿ ಒಳಗಿದ್ದದ್ದು ಮಾತ್ರ ಸಿಗುತ್ತದೆ. ಬಲದಿಂದ ಎಡಕ್ಕಾದರೆ ಚೌಕ ಮುಟ್ಟಿದ್ದೆಲ್ಲ ಸಿಗುತ್ತದೆ. ಇದು ಕಮಾಂಡ್ ಅಲ್ಲ, ಹಾಗಾಗಿ ಹೆಚ್ಚಿನ ಹಾಳೆಗಳಲ್ಲಿ ಇರುವುದೇ ಇಲ್ಲ.

ಹೊಸಗೆರೆ:
ಈಗಷ್ಟೇ ನೋಡಿದೆ, ನನ್ನ ಹಾಳೆಯಲ್ಲೂ ಟಿಆರ್ ಆದಮೇಲೆ ಎರಡು ಎಂಟರ್ ಅಂತಲೇ ಇದೆ. ಟ್ರಿಮ್ ಸುಮ್ನೆ ಮುಚ್ಚಿಹೋಗುತ್ತಿದ್ದುದು ಅದಕ್ಕೇನಾ! ಸಾಫ್ಟ್‌ವೇರೇ ಕೆಟ್ಟಿದೆ ಅಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಟಿದ್ದೆ.