ಅಪ್‌ಡೇಟ್: ಕೊನೆಗೆ ಯಾವ ಎಡಿಟರ್ ಇಟ್ಟುಕೊಂಡೆ

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಇಷ್ಟೇ: 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ ವೆಬ್ ಡೆವಲಪ್‌ಮೆಂಟ್ ಕಲಿಯೋಕೆ, ಕೋಡ್ ಬರೆಯೋ ಎಡಿಟರ್ ಆಗಿ ವಿಎಸ್ ಕೋಡ್ ಹಾಕಲೋ, ಸಬ್‌ಲೈಮ್ ಟೆಕ್ಸ್ಟ್ ಹಾಕಲೋ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ಸೇ ಸಾಕೋ?

ವಿಎಸ್ ಕೋಡ್‌ಗೇ ಬಂದು ನಿಂತೆ. ಅದು ಎಲೆಕ್ಟ್ರಾನ್ ಅನ್ನೋ ಆ್ಯಪ್ ಕಟ್ಟೋ ಸಾಧನದ ಮೇಲೆ ಕಟ್ಟಿದ್ದು, ಅಂದರೆ ಒಳಗೆ ಕ್ರೋಮಿಯಂ ಬ್ರೌಸರ್ ಓಡ್ತಾ ಇರುತ್ತೆ, ಹಾಗಾಗಿ ರ್‍ಯಾಮ್ ತಿನ್ನುತ್ತೆ ಅಂತ ನೀವು ಹೇಳಿದ್ದು ನಿಜ. ಆದರೆ ಕಂಡಕಂಡ ಎಕ್ಸ್‌ಟೆನ್ಷನ್ (ಮೇಲಿಂದ ಸೇರಿಸೋ ಸೌಲಭ್ಯ) ತುಂಬದೆ, ಕೋಡ್ ಓರಣ ಮಾಡೋ ಪ್ರೆಟಿಯರ್, ಬದಲಾವಣೆಯನ್ನ ಕೂಡಲೇ ಬ್ರೌಸರ್ನಲ್ಲಿ ತೋರಿಸೋ ಲೈವ್ ಸರ್ವರ್ ಎರಡನ್ನೇ ಇಟ್ಟುಕೊಂಡಿದ್ದೀನಿ. ಲ್ಯಾಪ್‌ಟಾಪ್ ತಡ್ಕೊಳ್ತಿದೆ.

ನನ್ನನ್ನು ಒಪ್ಪಿಸಿದ್ದು ಅದರೊಳಗೇ ಬರೋ ಎಮೆಟ್, ಅಂದರೆ ಚಿಕ್ಕ ಸಂಕೇತವನ್ನ ಪೂರ್ತಿ ಕೋಡ್ ಆಗಿ ಬಿಡಿಸೋ ಸೌಲಭ್ಯ. ಖಾಲಿ ಎಚ್‌ಟಿಎಂಎಲ್ ಫೈಲ್‌ನಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ವೆಬ್ ಪುಟದ ಇಡೀ ಚೌಕಟ್ಟು ಬಂದು ಕೂರುತ್ತೆ. ಎಲ್ಲಾ ಭಾಷೆಯ ಅಕ್ಷರಕ್ಕೂ ಹೊಂದೋ ಯುಟಿಎಫ್-8 ಸಾಲು ಅದರಲ್ಲೇ ಇರೋದರಿಂದ ಕನ್ನಡ ಅಕ್ಷರ ಕೆಡಲ್ಲ. ಭಾಷೆ ಮಾತ್ರ ಇಂಗ್ಲಿಷ್ ಅಂತ ಬರುತ್ತೆ. ಕನ್ನಡ ಪುಟವಾದರೆ ‘ಇಎನ್’ ತೆಗೆದು ‘ಕೆಎನ್’ ಹಾಕಬೇಕು. ಪರದೆ ಮೇಲಿನದನ್ನ ದನಿಯಲ್ಲಿ ಓದೋ ಸ್ಕ್ರೀನ್ ರೀಡರ್ ಯಾವ ಭಾಷೆಯಲ್ಲಿ ಓದಬೇಕು ಅಂತ ನೋಡೋದೇ ಅದನ್ನ. ಎಡಿಟರ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ಫಾಂಟ್ ಆದಮೇಲೆ ಅಲ್ಪವಿರಾಮ ಹಾಕಿ ನೋಟೊ ಸಾನ್ಸ್ ಕನ್ನಡ ಸೇರಿಸಿ, ಒತ್ತಕ್ಷರ ಓದೋಕೆ ಹಿತವಾಗಿರುತ್ತೆ.

ಸಬ್‌ಲೈಮ್ ಥಟ್ಟಂತ ತೆರೆಯುತ್ತೆ, ಸುಳ್ಳಲ್ಲ. ಆದರೆ ಎಮೆಟ್ ಕೂಡ ನಾವೇ ಹಾಕ್ಕೋಬೇಕು. ಆಟಂ ಎಡಿಟರ್ ಸೂಚಿಸಿದವರೇ, ಅದನ್ನು ಮಾಡಿದ ಗಿಟ್‌ಹಬ್ ಅದನ್ನು 2022ರ ಡಿಸೆಂಬರ್‌ನಲ್ಲೇ ನಿಲ್ಲಿಸಿದೆ ಮಾರಾಯ್ರೆ! ವೆಬ್‌ಸ್ಟಾರ್ಮ್ ಅನ್ನೋ ಇನ್ನೊಂದು ಎಡಿಟರ್ 2024ರ ಅಕ್ಟೋಬರ್‌ನಿಂದ ವಾಣಿಜ್ಯೇತರ ಬಳಕೆಗೆ ಉಚಿತ; ರ್‍ಯಾಮ್ ಏರಿಸಿದ ಮೇಲೆ ಅದನ್ನೂ ನೋಡ್ತೀನಿ.