ಕೇಳುತ್ತಿದ್ದರೂ ‘ಗಮನವಿಲ್ಲ’ ಅನ್ನಿಸಿಕೊಳ್ಳುವವರಿಗೆ

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಶಿರಸಿಯಲ್ಲಿ ಪ್ರಥಮ ಪಿಯು ವಿಜ್ಞಾನ ಓದುತ್ತಿದ್ದಾಳೆ. ಪಾಠ ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ಆದರೂ ಕ್ಲಾಸಿನಲ್ಲಿ ಗಮನವಿಲ್ಲ ಅಂತ ದೂರು. ಏನು ಮಾಡಬಹುದು?

ಉತ್ತರ 1: ಮೊದಲು ಕೂರುವ ಜಾಗ ನೋಡಿ. ಜೂನ್-ಜುಲೈ ಮಳೆಗೆ ತಗಡಿನ ಮಾಡಿನ ಕೆಳಗೆ ಹಿಂದಿನ ಬೆಂಚಿಗೆ ಮಾತು ಮುಟ್ಟುವುದೇ ಇಲ್ಲ. ಕೇಳಿಸದವರ ಮುಖ ಮಂಕಾಗುತ್ತದೆ, ಮೇಷ್ಟ್ರಿಗೆ ಅದು ಉದಾಸೀನವಾಗಿ ಕಾಣುತ್ತದೆ. ಎರಡನೇ ಅಥವಾ ಮೂರನೇ ಬೆಂಚು, ನಡುಭಾಗ. ಕಿಟಕಿ ಪಕ್ಕ ಬೇಡ. ಎರಚಲು ಹೊಡೆದರೆ ಅರ್ಧ ಗಮನ ನೋಟ್ಸ್ ಕಾಯುವುದಕ್ಕೇ ಹೋಯ್ತು.

ಉತ್ತರ 2: ಬರೆದುಕೊಳ್ಳುತ್ತಾಳೆ ಅಂದಿರಲ್ಲ, ತೊಡಕು ಅಲ್ಲೇ ಇರಬಹುದು. ಇಡೀ ಪಿರಿಯಡ್ ತಲೆ ತಗ್ಗಿಸಿದವಳ ಕಣ್ಣು ಮೇಷ್ಟ್ರಿಗೆ ಕಾಣುವುದಿಲ್ಲ. ಅವರು ಬೋರ್ಡಿಗೆ ತಿರುಗಿದಾಗ ಬರೆಯಲಿ, ಇತ್ತ ತಿರುಗಿ ವಿವರಿಸುವಾಗ ಪೆನ್ನು ಕೆಳಗಿಡಲಿ. ಪುಟದ ಬಲಕ್ಕೆ ಎರಡು ಇಂಚು ಖಾಲಿ ಬಿಟ್ಟು, ತಿಳಿಯದ ಸಾಲಿನೆದುರು ಪ್ರಶ್ನೆ ಚಿಹ್ನೆ ಹಾಕಿದರೆ ಸಾಕು. ಎಲ್ಲದಕ್ಕೂ ಗೋಣು ಹಾಕುವ ಚಟ ಮಾತ್ರ ಬೇಡ. ‘ಹಾಗಾದರೆ ನೀನೇ ಹೇಳು’ ಅಂದರೆ ಮುಗಿಯಿತು!

ಉತ್ತರ 3: ಕನ್ನಡ ಮಾಧ್ಯಮದವರಿಗೆ ಗಮನಕ್ಕಿಂತ ಇಂಗ್ಲಿಷ್ ಪದಗಳದ್ದೇ ಗೋಳು. ಜವ, ವೇಗ, ವೇಗೋತ್ಕರ್ಷ ಎಲ್ಲ ಗೊತ್ತು. ಸ್ಪೀಡ್, ವೆಲಾಸಿಟಿ, ಆಕ್ಸಲರೇಶನ್ ಅಂದ ಕೂಡಲೇ ಕಕ್ಕಾಬಿಕ್ಕಿ. ಹಿಂದಿನ ರಾತ್ರಿ ಹತ್ತು ನಿಮಿಷ ಮರುದಿನದ ಎರಡು ಪುಟ ತಿರುವಿ, ಐದಾರು ಶಬ್ದಗಳನ್ನು ಕನ್ನಡ ಅರ್ಥದ ಜೊತೆ ಬರೆದುಕೊಳ್ಳಲಿ. ಆಗ ಪ್ರಶ್ನೆಯೂ ಹರಿತವಾಗುತ್ತದೆ. ‘ಅರ್ಥ ಆಗಲಿಲ್ಲ ಸರ್’ ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೂ ತಿಳಿಯದು. ‘ಚೆಂಡು ಮೇಲೆ ಹೋಗುವಾಗ ವಿ = ಯು − ಜಿಟಿ ಅಂದಿರಿ, ಮೈನಸ್ ಯಾಕೆ?’ (ವಿ ಕೊನೆಯ ವೇಗ, ಯು ಮೊದಲ ವೇಗ, ಜಿ ಗುರುತ್ವದ ವೇಗೋತ್ಕರ್ಷ, ಟಿ ಕಾಲ) ಅಂತ ಕೇಳಿದರೆ, ಮೇಲ್ಮುಖವನ್ನು ಪ್ಲಸ್ ಹಿಡಿದಿದ್ದೇವೆ, ಗುರುತ್ವ ಕೆಳಗೆ ಎಳೆಯುತ್ತದೆ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲೇ ಕೇಳಲಿ.

ಉತ್ತರ 4: ಪ್ರಶ್ನೆ ಒಳ್ಳೆಯದೇ, ಆದರೆ ಪಿರಿಯಡ್ಡಿಗೆ ಒಂದು ಸಾಕು. ಅದಕ್ಕಿಂತ ಹೆಚ್ಚಾದರೆ ಪಾಠ ತುಂಡಾಗುತ್ತದೆ. ಉಳಿದದ್ದನ್ನು ಬೆಲ್ ಆದ ಮೇಲೆ ಕೇಳಬಹುದು. ಹಳ್ಳಿ ಬಸ್ಸು ತಡವಾದ ದಿನ ಕೊಡೆಯನ್ನು ಜಗಲಿಯಲ್ಲೇ ಬಿಟ್ಟು, ಬಾಗಿಲಲ್ಲಿ ಅನುಮತಿ ಕೇಳಿ, ಹತ್ತಿರದ ಖಾಲಿ ಜಾಗದಲ್ಲಿ ಕೂತುಬಿಡಲಿ. ಬಸ್ಸಿನ ಕಥೆಯೂ ಬೆಲ್ ಆದ ಮೇಲೆಯೇ.